ಗೀರು ಬೀಳದ ಪುಡಿ

ಡಾಕ್ಟರಮ್ಮ ಅಜ್ಜಿಯ ಹಲ್ಲುಪುಡಿಯನ್ನು ಎರಡು ಗಾಜಿನ ಚೂರುಗಳ ನಡುವೆ ಇಟ್ಟು ತಿಕ್ಕಿದರು. ಕರಕರ ಎಂದಿತು. ತೊಳೆದು ಕಿಟಕಿಯ ಬೆಳಕಿಗೆ ಹಿಡಿದರೆ ಗಾಜಿನ ತುಂಬ ಗೀರು, ಯಾರೋ ತಲೆಗೂದಲು ಚೆಲ್ಲಿದ ಹಾಗೆ.

"ಏನೇನು ಹಾಕ್ತಾರೆ ನಿಮ್ಮಜ್ಜಿ?"

"ಪಟಿಕ, ಉಪ್ಪು, ಇಟ್ಟಿಗೆ ಪುಡಿ," ಎಂದಳು ಆ ಹಲ್ಲಿನ ಆಸ್ಪತ್ರೆಯಲ್ಲಿ ಸಲಕರಣೆ ತೊಳೆಯುವ ಹುಡುಗಿ, ನೆಲ ನೋಡುತ್ತ.

"ಪಟಿಕ ವಸಡು ಬಿಗಿ ಮಾಡುತ್ತೆ, ಪರೀಕ್ಷೆ ಮಾಡಿ ನೋಡಿದಾರೆ. ಉಪ್ಪುನೀರೂ ಒಳ್ಳೇದೇ. ಹಾಳು ಮಾಡ್ತಿರೋದು ಇಟ್ಟಿಗೆ. ಹೀಗೇ ತಿಕ್ಕಿದ್ರೆ ಉಳಿದಿರೋ ನಾಲ್ಕು ಹಲ್ಲೂ ಸವೆದು ಹೋಗ್ತವೆ. ಪೇಸ್ಟ್ ಕೊಡೋಕೇನು?"

"ಸೋಪು ತಿಂದಂಗಾಗುತ್ತೆ ಅಂತ ಉಗೀತಾರೆ."

ಡಾಕ್ಟರಮ್ಮ ನಕ್ಕರು. "ಹಾಗಾದ್ರೆ ಇಟ್ಟಿಗೆ ಬದಲು ಮೆತ್ತಗಿರೋದು ಏನಾದ್ರೂ ಹಾಕು. ಗಾಜಿಗೆ ಗೀರು ಬೀಳಬಾರದು, ಅಷ್ಟೇ."

ಮನೆಯಲ್ಲಿ ಮೆತ್ತಗಿರುವುದು ಒಂದೇ ಇತ್ತು. ಮೂರನೇ ತರಗತಿಯಲ್ಲಿ ಅವಳನ್ನು ಶಾಲೆ ಬಿಡಿಸುವ ಹಿಂದಿನ ದಿನ ಕೊಂಡ ಹತ್ತು ಬಳಪ. ಎಂದಾದರೂ ಮತ್ತೆ ಕಲಿಯಲು ಕೂತರೆ ಬೇಕಾದೀತೆಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಳು. ಮುಚ್ಚಳ ತೆಗೆದರೆ ಸಾಕು, ಒದ್ದೆ ಸ್ಲೇಟಿನ ವಾಸನೆ ಬರುತ್ತಿತ್ತು. ಕಣ್ಣು ಮುಚ್ಚಿದರೆ ದೂರದಲ್ಲಿ ಮಕ್ಕಳ ಮಗ್ಗಿ ಕೇಳುತ್ತಿತ್ತು. ಒಂದನ್ನು ಮುರಿದು ಗಾಜಿಗೆ ತಿಕ್ಕಿ ತೊಳೆದಳು. ಗಾಜು ನೀರಿನಂತೆ ತಿಳಿಯಾಗಿತ್ತು. ಇನ್ನೂ ಮೂರು ಬಳಪವನ್ನು ಪಟಿಕ, ಉಪ್ಪಿನ ಜೊತೆ ಕಪ್ಪು ಕಲ್ಲಿನ ಮೇಲೆ ಅರೆದಳು.

ಬೆಳಿಗ್ಗೆ ಅಜ್ಜಿ ಹೊಸ ಪುಡಿಯನ್ನು ಬಾಯಿಗಿಟ್ಟುಕೊಂಡು ತಿಕ್ಕುವುದನ್ನೇ ಮರೆತಳು. ಅವಳ ಕಣ್ಣು ಎಲ್ಲೋ ತೇಲಿಹೋಯಿತು.

"ಇದು ಬಳಪ ಕಣೇ! ಚಿಕ್ಕವಳಿದ್ದಾಗ ನಮ್ಮಣ್ಣನ ಚೀಲದಿಂದ ಕದ್ದು ತಿಂತಿದ್ದೆ. ನಿನ್ನ ಡಬ್ಬೀದಾ?"

ಹುಡುಗಿ ತಲೆಯಾಡಿಸಿದಳು.

"ಎಷ್ಟು ಉಳಿದಿವೆ?"

"ಆರು... ಒಂದು ತುಂಡು."

"ಇನ್ನೊಂದನ್ನ ಅರೆದೀಯ, ನೋಡು ಮತ್ತೆ! ತಗೊಂಡು ಬಾ ಇಲ್ಲಿ. ಕೂತ್ಕೊ. ಈ ಕಲ್ಲಿನ ಮೇಲೆ ಒಂದು ಅಕ್ಷರ ಬರಿ."

ಹುಡುಗಿ ತುಂಡನ್ನು ಹಿಡಿದಳು. ಬಹಳ ಹೊತ್ತಿನ ಮೇಲೆ ಕಪ್ಪು ಕಲ್ಲಿನ ಮೇಲೆ ದಪ್ಪನೆಯ, ಕೊಂಚ ಸೊಟ್ಟ 'ಅ' ಮೂಡಿತು.

"ದಿನಾ ಹೀಗೆ ಒಂದೊಂದು ಬರಿ. ನನ್ನ ನಾಲ್ಕು ಹಲ್ಲಿಗೆ ಅಷ್ಟು ಸಾಕು," ಎಂದು ಅಜ್ಜಿ ಬೆರಳು ಒದ್ದೆ ಮಾಡಿಕೊಂಡು, ಆ ಅಕ್ಷರವನ್ನು ಮೆಲ್ಲಗೆ ಒರೆಸಿ ತೆಗೆದು, ಹಲ್ಲಿಗೆ ತಿಕ್ಕಿಕೊಂಡಳು.