ಮೇಜಿನ ಕೆಳಗಿನ ಪೆಟ್ಟಿಗೆ

ಮಾವ ಕಂಪ್ಯೂಟರ್ ಪೆಟ್ಟಿಗೆಯ ಬಟನ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಮೂರನೇ ಸಲ ಗುದ್ದಿದ.

"ಏನು ಮಾಡಿಟ್ಟಿದ್ದೀಯ ಇದಕ್ಕೆ?" ಎಂದು ಅಕ್ಕನ ಮಗಳ ಮೇಲೆ ಹರಿಹಾಯ್ದ.

"ನನಗೂ ಆನ್ ಆಗ್ತಿಲ್ಲ. ನೀವೇ ಏನೋ ಕಿತ್ತಿಟ್ಟಿರಬೇಕು ಮಾವ."

"ನನ್ನ ಪುಸ್ತಕ ನಾನೇ ಹಾಳು ಮಾಡ್ಕೊಳ್ತೀನಾ?"

ನನ್ನ ಪುಸ್ತಕ. ಆ ಮಾತು ಕೇಳಿ ಮಗಳಿಗೆ ಮೈಯೆಲ್ಲ ಉರಿಯಿತು. ಅಮ್ಮ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಅಲ್ಲಿ ಕಂಡ ತಾಯಂದಿರ ಕಥೆಗಳೆಲ್ಲ ಆ ಕಂಪ್ಯೂಟರ್‌ನಲ್ಲಿದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ. ಕಳೆದ ತಿಂಗಳು ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು, ಕೈಗಳೆರಡೂ ಸೋತವು. ಕಣ್ಣು ಮತ್ತು ಎಡಗಾಲು ಬಿಟ್ಟರೆ ಮೈಯಲ್ಲಿ ಬೇರೇನೂ ಅವಳ ಮಾತು ಕೇಳುತ್ತಿರಲಿಲ್ಲ. ಅವಳು ಹಾಸಿಗೆ ಹಿಡಿದ ವಾರದಲ್ಲೇ ತಮ್ಮನೆನಿಸಿಕೊಂಡವನು ಪ್ರಕಾಶಕರ ಬಳಿ ಹೋಗಿ, ಪುಸ್ತಕ ಬರೆದವನು ನಾನು, ರಕ್ಷಾಪುಟದ ಮೇಲೆ ನನ್ನ ಹೆಸರು ಹಾಕಿ ಎಂದು ಹೇಳಿ ಬಂದಿದ್ದ.

ಪ್ರಕಾಶಕರು ಈಗ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಯಾರ ಹೆಸರು ಹಾಕಬೇಕೆಂದು ಇವತ್ತು ತೀರ್ಮಾನಿಸಿ, ಬರಹವನ್ನು ತೆಗೆದುಕೊಂಡು ಹೋಗಲು ಬಂದಿದ್ದರು. ಮೇಜಿನ ಕೆಳಗೆ ರಿಪೇರಿಯವನು ಮಂಡಿಯೂರಿದ್ದ.

"ಅಕ್ಕ ಕಥೆ ಹೇಳೋಳು, ಅಷ್ಟೇ. ಅದನ್ನ ಬರಹ ಮಾಡಿದ್ದು ನಾನು," ಎಂದ ಮಾವ. "ಅವಳಿಗೆ ಈ ಯಂತ್ರದ ತಲೆಬುಡ ಗೊತ್ತಿರಲಿಲ್ಲ."

ಅದೇ ಕೋಣೆಯಲ್ಲಿ ಅಮ್ಮ ಮಲಗಿದ್ದ ಮಂಚದ ಕಾಲ್ಗಡೆಯ ಹಲಗೆಯಿಂದ ಟಕ್ ಎಂದು ಸದ್ದು ಬಂತು. ಅಮ್ಮನ ಎಡಗಾಲಿನ ಹೆಬ್ಬೆರಳು ಹಲಗೆಯನ್ನು ಒತ್ತಿ ಹಿಂದೆ ಸರಿಯಿತು.

"ಪಾಪ, ನರ ಎಳೀತಿದೆ," ಎಂದ ಮಾವ.

ನರವಲ್ಲ, ಸಿಟ್ಟು ಎಂದು ಮಗಳಿಗೆ ಅನ್ನಿಸಿತು. "ಅಮ್ಮ, ಇವರು ಬರೆದ್ರಾ?" ಎಂದು ಕೇಳಿದಳು. ಅಮ್ಮನ ಕಣ್ಣು ಕೆಂಡವಾಯಿತು.

"ಕಣ್ಣು ಬಿಟ್ಟಿದ್ದನ್ನೆಲ್ಲ ಸಾಕ್ಷಿ ಅಂತಾರೇನಮ್ಮ? ನೀನು ಬೆಳಗ್ಗೆ ಆಫೀಸಿಗೆ ಹೋದ್ರೆ ಬರೋದು ಸಂಜೆ. ಮನೇಲಿ ಏನು ನಡೀತಿತ್ತು ಅಂತ ನಿನಗೇನು ಗೊತ್ತು?"

ಬರೆಯುವಾಗ ಅಮ್ಮ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ರಜೆಯ ದಿನ ಮಗಳು ಮನೆಯಲ್ಲಿದ್ದರೂ ಬಾಗಿಲು ಹಾಕಿಕೊಂಡೇ ಕೂರುತ್ತಿದ್ದಳು.

ರಿಪೇರಿಯವನು ಬೇರೆ ಪ್ಲಗ್ಗಿಗೆ ಹಾಕಿ ನೋಡಿದ. ವೈರು ಬದಲಾಯಿಸಿದ. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಒಳಗಿನ ಪವರ್ ಸಪ್ಲೈ ಪರೀಕ್ಷಿಸಿದ. "ಕರೆಂಟ್ ಸರಿಯಾಗೇ ಬರ್ತಿದೆ," ಎಂದ. ಮೆಮೊರಿ ಪಟ್ಟಿಯನ್ನು ತೆಗೆದು, ಒರೆಸಿ, ಮತ್ತೆ ಕೂರಿಸಿದ.

"ಈಗ ಒತ್ತಿ ನೋಡಿ ಸರ್."

ಮಾವ ಒತ್ತಿದ. ಏನೂ ಇಲ್ಲ.

"ಎಂಥ ರಿಪೇರಿಯವನಯ್ಯ ನೀನು? ಇದೇ ಬಟನ್, ಮೊನ್ನೆ ಮೊನ್ನೆವರೆಗೆ ಒಂದೇ ಏಟಿಗೆ ಶುರುವಾಗ್ತಿತ್ತು."

"ದಿನಾ ಇದರಲ್ಲೇ ಬರೀತಿದ್ರಾ?" ಪ್ರಕಾಶಕರು ಮೊದಲ ಬಾರಿ ಬಾಯಿ ಬಿಟ್ಟರು.

"ದಿನಾ. ಅಕ್ಕನಿಗೆ ಬೆನ್ನು ಬಗ್ಗಲ್ಲ ಸಾರ್, ಬೇಕಾದ್ರೆ ಮಗಳನ್ನೇ ಕೇಳಿ. ಪೆಟ್ಟಿಗೆ ನೋಡಿದ್ರೆ ನೆಲದ ಮೇಲಿದೆ. ನಾನು ಬಂದು ಬಗ್ಗಿ ಈ ಬಟನ್ ಒತ್ತದೆ ಇದು ಒಂದು ದಿನವೂ ಶುರುವಾಗಿಲ್ಲ."

ಟಕ್. ಟಕ್. ಟಕ್.

ಪ್ರಕಾಶಕರು ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಬೆನ್ನಿನ ಮಾತು ಸುಳ್ಳಲ್ಲ. ಕೈಜಾರಿ ಬಿದ್ದ ಚಮಚವನ್ನೂ ಅಮ್ಮ ಎತ್ತಿಕೊಳ್ಳಲಾರದೆ, ಸಂಜೆ ಮಗಳು ಬರುವವರೆಗೆ ಹಾಗೇ ಬಿಟ್ಟಿರುತ್ತಿದ್ದಳು. ಅಂಥವಳು ಮೇಜಿನ ಕೆಳಗೆ ಬಗ್ಗುವುದೆಲ್ಲಿಂದ ಬಂತು? ಈ ಮನುಷ್ಯ ಹೇಳುತ್ತಿರುವುದು ನಿಜವೇ ಇರಬಹುದು ಎಂಬ ಯೋಚನೆ ಬಂದು, ಹಾಗೆ ಯೋಚಿಸಿದ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

"ಬಗ್ಗೋಕಾಗಲ್ಲ, ನಿಜ," ಎಂದಳು.

ಮಾವ ಗೆದ್ದವನಂತೆ ಕೈ ಕಟ್ಟಿ ನಿಂತ. ಪ್ರಕಾಶಕರು ಚೀಲದಿಂದ ಒಪ್ಪಂದದ ಕಾಗದ ತೆಗೆದರು.

ರಿಪೇರಿಯವನಿಗೆ ಇದ್ಯಾವುದೂ ಬೇಕಿರಲಿಲ್ಲ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಪೆಟ್ಟಿಗೆಯೊಳಗೆ ತಲೆ ಹಾಕಿದ್ದವನು ಒಮ್ಮೆಲೇ ಹೊರಗೆ ಬಂದ.

"ಸರ್, ನೀವು ಒತ್ತುತ್ತಿದ್ದದ್ದು ಯಾವ ಬಟನ್?"

"ಎಷ್ಟು ಸಲ ಹೇಳ್ಬೇಕು? ಇದೇ, ಮೇಲಿರೋ ದೊಡ್ಡದು. ಕೊಂಡಾಗಿನಿಂದ ಇದನ್ನೇ ಒತ್ತಿದ್ದೀನಿ."

"ಇದಕ್ಕೆ ವೈರೇ ಇಲ್ವಲ್ಲ ಸರ್. ಬಟನ್ ಕೆಟ್ಟಿದೆ ಅಂತ ಯಾರೋ ವೈರು ತೆಗೆದು, ಟೇಪ್ ಸುತ್ತಿ ಕಟ್ಟಿಟ್ಟಿದ್ದಾರೆ. ಟೇಪಿನ ಮೇಲೆ ಇಷ್ಟು ಧೂಳು ಕೂತಿದೆ ಅಂದ್ರೆ, ಆಗಿ ವರ್ಷಗಳೇ ಆಗಿರಬೇಕು. ಆನ್ ಮಾಡೋ ಕೆಲಸಾನ ಕೆಳಗಿನ ಈ ಚಿಕ್ಕ ಬಟನ್‌ಗೆ ಕೊಟ್ಟಿದ್ದಾರೆ. ನಾವೆಲ್ಲ ಹಾಗೇ ಮಾಡೋದು. ಮೆಷಿನ್‌ಗೆ ಏನೂ ಆಗಿಲ್ಲ."

ಮಂಚದ ಹಲಗೆಯಿಂದ ಮತ್ತೆ ಟಕ್ ಟಕ್ ಶುರುವಾಯಿತು. ಪ್ರಕಾಶಕರು ಕಾಗದವನ್ನು ಚೀಲಕ್ಕೆ ವಾಪಸ್ ಹಾಕಿದರು.

ಮಗಳು ಚಿಕ್ಕ ಬಟನನ್ನೇ ನೋಡಿದಳು. ನೆಲದಿಂದ ಒಂದು ಗೇಣು ಮೇಲಿತ್ತು. ಅದರ ಸುತ್ತ ಕಪ್ಪು ಬಣ್ಣ ಸವೆದು ತಗಡು ಹೊಳೆಯುತ್ತಿತ್ತು. ಅವಳು ಅಮ್ಮನ ಕುರ್ಚಿ ಎಳೆದು ನೆಟ್ಟಗೆ ಕೂತಳು. ಚಪ್ಪಲಿ ಬಿಟ್ಟು, ಬಗ್ಗದೆ, ಎಡಗಾಲನ್ನು ಮೇಜಿನ ಕೆಳಗೆ ಚಾಚಿದಳು. ಹೆಬ್ಬೆರಳು ಸರಿಯಾಗಿ ಅಲ್ಲಿಗೇ ಹೋಗಿ ಕೂತಿತು. ಒತ್ತಿದಳು. ಪೆಟ್ಟಿಗೆಯೊಳಗೆ ಫ್ಯಾನ್ ತಿರುಗತೊಡಗಿತು, ಪರದೆ ಬೆಳಗಿತು.

ಮಂಚದ ಹಲಗೆಯ ಮೇಲಿನ ಟಕ್ ಟಕ್ ನಿಂತಿತು.