ಸುತ್ತಿಗೆ ಸರ್ ಮುಂದೆ

ಬಾಗಿಲ ಆಚೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ಪಡಸಾಲೆಯಲ್ಲಿ ಕೂತಿದ್ದ ಅವಳು ತಟ್ಟನೆ ಎದ್ದು ನಿಂತಳು.

ಪಾಠ, ಬಯಲ ಕೆಲಸ, ಸೆಮಿನಾರು, ಪ್ರಬಂಧ, ಭೂವೈಜ್ಞಾನಿಕ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿಗೆ ಬೇಕಾದ್ದೆಲ್ಲ ಮುಗಿದಿತ್ತು. ಉಳಿದದ್ದು ಮೌಖಿಕ ಪರೀಕ್ಷೆ ಮಾತ್ರ. ಪರೀಕ್ಷಕರಾಗಿ ಬಂದವರು ಇಳಿಜಾರುಗಳ ಅಧ್ಯಯನದಲ್ಲೇ ತಲೆ ಹಣ್ಣಾದವರು. ಪ್ರಬಂಧಗಳನ್ನು ಕುಟ್ಟಿ ಪುಡಿ ಮಾಡುತ್ತಾರೆಂದು ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಸುತ್ತಿಗೆ.

ನಿನ್ನೆ ಸಂಜೆ ಬಂದ ಹೊಸ ಅಳತೆಗಳನ್ನು ಸೇರಿಸಿ ಲೆಕ್ಕ ಹಾಕಿದಾಗಿನಿಂದ ಅವಳು ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಮಾರ್ಗದರ್ಶಿ ಮೇಡಂ ಅದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದರು.

"ಸದ್ಯ ಯಾರ ಹತ್ರಾನೂ ಬಾಯಿ ಬಿಡಬೇಡ. ತಪ್ಪಿದ್ರೆ ಸುತ್ತಿಗೆ ಸರ್ ಹಿಡಿದೇ ಹಿಡೀತಾರೆ."

ಫೋನು ನಡುಗಿತು. ಅಮ್ಮ.

"ಮುಗೀತೇನೇ?"

"ಇನ್ನೂ ಇಲ್ಲಮ್ಮಾ."

"ಪಾಸಾಗೇ ಆಗ್ತೀಯ ಬಿಡು. ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ."

"ಅಯ್ಯೋ, ಹಾಗನ್ನಬೇಡಮ್ಮಾ!" ಅವಳ ದನಿ ಕೀರಲಾಯಿತು. "ಅಪ್ಪ ಎಲ್ಲಿ?"

"ರಾತ್ರಿ ಪಾಳಿ ಮುಗಿಸಿ ಬಂದು ಗೊರಕೆ ಹೊಡೀತಿದಾರೆ. ನೀನು ನೀರು ಕುಡಿದು ಒಳಗೆ ಹೋಗು."

ಬಾಗಿಲು ತೆರೆಯಿತು. ಮೇಡಂ ಕೈಸನ್ನೆ ಮಾಡಿದರು.

ಸುತ್ತಿಗೆ ಸರ್ ತಲೆ ಎತ್ತಲಿಲ್ಲ. ಪ್ರಬಂಧಕ್ಕೆ ಬೆಳಿಗ್ಗೆ ಸೇರಿಸಿದ್ದ ಹೊಸ ಲೆಕ್ಕದ ಪುಟಗಳನ್ನು ಒಂದೊಂದಾಗಿ ಮಗುಚಿದರು.

"ಈ ಗುಡ್ಡದ ಜೇಡಿಮಣ್ಣಿನ ಪದರದ ಹಿಡಿತ ಇಷ್ಟು ಕಡಿಮೆಯಾ? ಯಾರಮ್ಮಾ ಪರೀಕ್ಷೆ ಮಾಡಿದ್ದು?"

"ನಾನೇ ಸರ್. ತಪ್ಪಾಗಿರಬಹುದು."

ಈಗ ಅವರು ಕನ್ನಡಕದ ಮೇಲಿಂದ ನೋಡಿದರು. "ಇಲ್ಲಿಗೆ ಬಂದವರು ಯಾರೂ ಹಾಗೆ ಹೇಳಲ್ಲ."

"ದಯವಿಟ್ಟು ಇನ್ನೊಂದ್ಸಲ ನೋಡಿ ಸರ್."

ಅವರು ನೋಡಿದರು. ಪೆನ್ನು ತೆಗೆದು ತಾವೇ ಲೆಕ್ಕಕ್ಕೆ ಕೂತರು. ಪೆನ್ನು ಒಂದು ಕಡೆ ಗಕ್ಕನೆ ನಿಂತಾಗ ಅವಳು ಆಸೆಯಿಂದ ಮುಂದಕ್ಕೆ ಬಾಗಿದಳು. ಅದು ಮತ್ತೆ ಮುಂದಕ್ಕೆ ಓಡಿತು.

"ಅಂತೂ ಈ ಗುಡ್ಡ ಇನ್ನು ಹೆಚ್ಚು ದಿನ ನಿಲ್ಲಲ್ಲ ಅಂತೀಯ?"

"ನಿಲ್ಲುತ್ತೆ ಅಂತ ನೀವು ಹೇಳಿದ್ರೆ ಒಪ್ಕೊಂಡು ಬಿಡ್ತೀನಿ ಸರ್."

"ಇದೇನು ಮೇಡಂ ನಿಮ್ಮ ಶಿಷ್ಯೆ, ತನ್ನ ಪ್ರಬಂಧಕ್ಕೆ ತಾನೇ ಕಲ್ಲು ಹಾಕ್ತಿದಾಳೆ!" ಸುತ್ತಿಗೆ ಸರ್ ನಕ್ಕರು. ಮೇಡಂ ನಗಲಿಲ್ಲ.

ಕೊನೆಗೆ ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಮುಖದಲ್ಲಿನ ನಗು ಮಾಯವಾಗಿತ್ತು.

"ಎಲ್ಲಾದರೂ ಎಡವಿದ್ದೀಯಾ ಅಂತ ಹುಡುಕಿದೆ. ಎಲ್ಲೂ ಇಲ್ಲಮ್ಮಾ. ಅಳತೆ ಸರಿ, ಲೆಕ್ಕ ಸರಿ, ನಿರ್ಣಯ ಸರಿ. ಪಾಸು."

ಮೇಡಂ ಬಂದು ಭುಜ ಹಿಡಿದರು. ಅವಳು ಕೊಸರಿಕೊಂಡು ಹೊರಗೆ ಓಡಿದಳು. ಪಡಸಾಲೆಯಲ್ಲಿ ಕಾದಿದ್ದ ಗೆಳತಿಯರು ಚಪ್ಪಾಳೆ ತಟ್ಟುತ್ತಿದ್ದಂತೆ, ಮನೆಯ ನಂಬರು ಒತ್ತಿದಳು.

"ಅಮ್ಮಾ, ಪಾಸಾದೆ... ಅಪ್ಪನ್ನ ಎಬ್ಬಿಸು, ಬೀದಿಯವರನ್ನೆಲ್ಲ ಕೂಗಿ ಕರಿ, ಈಗಿಂದೀಗಲೇ ಆ ಗುಡ್ಡದ ಬುಡ ಬಿಟ್ಟು ಓಡಿ!"