ಸ್ಪೇಸ್‌ಶಿಪ್ಪಿನಲ್ಲಿ ಕಾದು ಕೂತವಳು
ವಿಡಿಯೋ ಕ್ಯಾಸೆಟ್ ರಿವೈಂಡ್ ಆಗುವ ಸರ್ರನೆಯ ಸದ್ದು ನೆನಪಾದರೆ ಈಗಲೂ ಬೈಲಹೊಂಗಲದ ಆ ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತದೆ.

ಬಾಡಿಗೆ ವಿಸಿಆರ್, ಇಂಗ್ಲಿಷ್ ಸಿನಿಮಾ. ಕಾನ್ವೆಂಟ್ ಹುಡುಗಿಯಾದ ನಾನೇ ಟ್ರಾನ್ಸ್‌ಲೇಟರ್. ಭೂಮಿಗೆ ಹೋದ ಪ್ರಿಯಕರನಿಗಾಗಿ ನಾಯಕಿ ಸ್ಪೇಸ್‌ಶಿಪ್ಪಿನಲ್ಲಿ ಕಾದು ಕಾದು ಮುದುಕಿಯಾದಳು. ಅವ್ವನ ತಂಗಿ ಚಿಗವ್ವ ಶೇಂಗಾ ಸುಲಿಯುವುದನ್ನು ಮರೆತು ಅತ್ತಳು. ಹುಟ್ಟಿದಾಗಲೇ ಅವಳನ್ನು ಅಜ್ಜಿಯ ತಮ್ಮನಿಗೆ ಗೊತ್ತುಮಾಡಿದ್ದರು. ಪುಣೆಗೆ ಹೋದ ಆತ ವರ್ಷಗಳಿಂದ ಈ ಕಡೆ ತಲೆ ಹಾಕಿರಲಿಲ್ಲ.

"ನೋಡಬೇ, ಹೆಣ್ಣು ಅಂದ್ರ ಹಿಂಗ ಕಾಯಬೇಕು," ಎಂದಳು ಅಜ್ಜಿ.

"ಭಾಳ ಚೆಂದ ಐತಿ ಯವ್ವಾ," ಚಿಗವ್ವ ಕಣ್ಣೊರೆಸಿಕೊಂಡಳು. "ಆದ್ರ ಅಷ್ಟ ದೊಡ್ಡ ವಿಮಾನ ಕೈಯಾಗಿತ್ತು. ಹೊಡಕೊಂಡು ಹೋಗಾಕ ಏನ್ ಧಾಡಿ ಆಗಿತ್ತು ಆಕಿಗೆ?"

ಮುಂದಿನ ತಿಂಗಳು ಚಿಗವ್ವ ನರ್ಸಿಂಗ್ ಕಲಿಯಲು ಧಾರವಾಡದ ಬಸ್ಸು ಹತ್ತಿದಳು. ನಾನು ಅವಳನ್ನು ಕಡೆಯ ಸಲ ನೋಡಿದ್ದು ಆ ಬಸ್ಸಿನಲ್ಲೇ: ಕಿಟಕಿ ಸೀಟು ಹಿಡಿಯಲೆಂದು ಯಾರೋ ಒಬ್ಬ ಹಾಸಿದ್ದ ಟವೆಲ್ ಎತ್ತಿ, ಅವನ ಕೈಗೇ ಕೊಟ್ಟು, ಕುಳಿತಳು.